ಗ್ಯಾಸ್ ಒಲೆಯ ದಶರಥ ಕಾಕಾ

ದಶರಥ ಕಾಕಾ ಒಲೆಯ ಕಾಯಿಲೆಯನ್ನು ಕಿವಿಯಿಂದ ಹಿಡಿಯುತ್ತಿದ್ದರು. ಸೈಕಲ್ಲಿಗೆ ಕಟ್ಟಿ ತಂದ ಸಣ್ಣ ಸಿಲಿಂಡರಿಗೆ ಒಲೆ ಜೋಡಿಸಿ, ಹಚ್ಚಿ, ಕಣ್ಣು ಮುಚ್ಚಿ ಸದ್ದು ಕೇಳುವರು. "ಜೆಟ್ಟಿನ್ಯಾಗ ಕಸ ಕುಂತದ್ರಿ." ಗ್ಯಾಸ್ ಬರುವ ಆ ಸಣ್ಣ ತೂತಿನಲ್ಲಿ ಸೂಜಿ ಆಡಿಸಿದರೆ ಹಳದಿ ಉರಿ ನೀಲಿಯಾಗುತ್ತಿತ್ತು. ಭಾಲ್ಕಿಯಿಂದ ನಮ್ಮೂರು ಹಲಬರ್ಗಾಕ್ಕೆ ಬರುತ್ತಿದ್ದ ಅವರನ್ನು ಮಕ್ಕಳಾದ ನಾವೂ "ಏ ದಶರಥ" ಎನ್ನುತ್ತಿದ್ದೆವು. 'ಕಾಕಾ' ಎಂಬುದು ನಾನು ಆಮೇಲೆ ಸೇರಿಸಿದ್ದು.

ಅವರು ಬೌದ್ಧರಾದ ದಲಿತರೆಂದು, ನಾವು ಆಯಿ ಎನ್ನುತ್ತಿದ್ದ ನಮ್ಮ ಅಜ್ಜಿ ಅವರನ್ನು ಅಡುಗೆಮನೆಗೆ ಬಿಡುತ್ತಿರಲಿಲ್ಲ. ಅವ್ವ ಒಲೆ ಹೊತ್ತು ಅಂಗಳಕ್ಕೆ ತರಬೇಕು. ರಿಪೇರಿಯಾದ ಮೇಲೆ ಆಯಿ ಅದರ ಮೇಲೆ ನೀರು ಚಿಮುಕಿಸಿ ಒಳಗೆ ಒಯ್ಯಿಸುವಳು.

ನಾನು ಏಳನೇ ತರಗತಿಯಲ್ಲಿದ್ದಾಗ ಒಂದು ದಿನ ಕಾಕಾ ಅವ್ವನಿಗೆ ಹೇಳಿದರು: "ಪೈಪ್ ಸೀಳಿತ್ರಿ ಅವ್ವಾರ, ಹೊಸಾದು ಹಾಕೇನಿ. ಆದ್ರ ಸಿಲಿಂಡರ್ ಕಡಿ ನಾನೇ ಕೂಡಸ್ಬೇಕು. ಸಾಬೂನಿನ ನೊರಿ ಹಚ್ಚಿ ಸೋರ್ತದೇನು ನೋಡ್ಬೇಕು."

"ಒಳಗ ನಮ್ಮವ್ರು ಕೂಡಸ್ತಾರ. ನೀ ಹೊರಗೇ ಕೂಡು," ಎಂದಳು ಆಯಿ.

ಅವ್ವ ಜೋಡಿಸಿದ ಪೈಪ್ ಸಡಿಲವಿತ್ತು. ಕಡ್ಡಿ ಗೀರಿದ್ದೇ ತಡ, ರೆಗ್ಯುಲೇಟರಿನ ಬಾಯಿಗೆ ಬೆಂಕಿ ಹತ್ತಿ ಅವ್ವನ ಸೆರಗಿಗೂ ತಗುಲಿತು. ನನ್ನ ಚೀರಾಟ ಕೇಳಿ ಕಾಕಾ ಒಳಗೆ ನುಗ್ಗಿದರು. ಸೆರಗನ್ನು ಅಂಗೈಯಿಂದಲೇ ಒತ್ತಿ ಆರಿಸಿ, ಉರಿಯೊಳಗೆ ಕೈ ಹಾಕಿ ರೆಗ್ಯುಲೇಟರ್ ಬಂದ್ ಮಾಡಿದರು. ಅವ್ವ ಉಳಿದಳು. ಅವರ ಬಲಗೈ ತುಂಬ ಬೊಬ್ಬೆ ಎದ್ದವು.

ಅವರಿನ್ನೂ ಕಟ್ಟೆಯ ಮೇಲೆ ಕೈಯನ್ನು ಗಾಳಿಗೆ ಹಿಡಿದು ಕುಳಿತಿದ್ದಾಗಲೇ ಆಯಿ ಅಡುಗೆಮನೆ ತೊಳೆಸಲು ಶುರುಮಾಡಿದಳು. ಬೋರಿಂಗಿನಿಂದ ನೀರು ತರಲು ನನ್ನನ್ನು ಕಳಿಸಿದಳು. ಅವರ ಮುಂದೆಯೇ ಮೂರು ಕೊಡ ಹೊತ್ತೆ. ಸುಟ್ಟ ಕೈಗೆ ಒಂದು ತಂಬಿಗೆ ನೀರು ಹಾಕಬೇಕೆಂದು ನಮಗ್ಯಾರಿಗೂ ಹೊಳೆಯಲಿಲ್ಲ.

"ಪೈಪಿನ ಕ್ಲಿಪ್ ಬಿಗಿ ಮಾಡ್ಕೋರಿ ಅವ್ವಾರ," ಎಂದಷ್ಟೇ ಹೇಳಿ, ಎಡಗೈಯಲ್ಲಿ ಸೈಕಲ್ ತಳ್ಳಿಕೊಂಡು ಹೋದರು. ಮತ್ತೆ ನಮ್ಮೂರಿಗೆ ಬರಲಿಲ್ಲ.

ಮದುವೆಯಾಗಿ ಭಾಲ್ಕಿಗೆ ಬಂದ ಮೇಲೆ ಅವರ ಅಂಗಡಿ ಹುಡುಕಿ ನನ್ನ ಒಲೆ ಒಯ್ದೆ. ಬಲಗೈಯ ಎರಡು ಬೆರಳು ಮಡಚಿಕೊಂಡು ಹಾಗೇ ಉಳಿದಿದ್ದವು.

"ಕಾಕಾ, ಅವತ್ತು ನೀರು ಹೊತ್ತಾಕಿ ನಾನೇರಿ," ಎಂದೆ.

"ಗೊತ್ತದರಿ." ತಲೆ ಎತ್ತಲಿಲ್ಲ.

"ಒಮ್ಮಿ ನಮ್ಮ ಮನಿಗೆ ಬರ್ರಿ. ಒಳಗ ಕುಂತು ಚಹಾ ಕುಡೀರಿ."

"ಒಲಿ ಕೆಟ್ರ ಇಲ್ಲೇ ತರ್ರಿ ತಂಗಿ. ನಾ ಯಾರ ಮನಿಗೂ ಹೋಗಂಗಿಲ್ಲ."

ಆಮೇಲೂ ಹಲವು ಸಲ ಒಯ್ದೆ. ಒಲೆಯ ಮಾತು ಬಿಟ್ಟು ಬೇರೆ ಮಾತಾಡಲಿಲ್ಲ ಅವರು. ಹೋದ ವರ್ಷ ಹೋದಾಗ ಷಟರ್ ಎಳೆದಿತ್ತು.

"ತೀರ್ಕೊಂಡು ಎರಡು ತಿಂಗಳಾತ್ರಿ," ಎಂದ ಪಕ್ಕದ ಪಂಕ್ಚರ್ ಅಂಗಡಿಯವ.

"ಅವ್ರ ಮನಿ ಎಲ್ಲದ್ರಿ?" ಎಂದು ಕೇಳಿದೆ. ಇಷ್ಟು ವರ್ಷಗಳಲ್ಲಿ ಅದೇ ಮೊದಲ ಸಲ ಕೇಳಿದ್ದು.