ನೈರುತ್ಯದ ಕಿಟಕಿ ಮುಚ್ಚಿದ ಮನೆ

ನವೆಂಬರ್ 16, ಭಾನುವಾರ, ಬೆಳಿಗ್ಗೆ ಹತ್ತೂವರೆ. ವರ್ತೂರಿನಲ್ಲಿ ನಾವು ಕೊಳ್ಳಬೇಕೆಂದಿದ್ದ ಮನೆಯನ್ನು ತಪಾಸಣೆ ಮಾಡಲು ಕರೆತಂದಿದ್ದ ಎಂಜಿನಿಯರ್, ಮಲಗುವ ಕೋಣೆಯ ಗೋಡೆಗೆ ತೇವ ಅಳೆಯುವ ಯಂತ್ರ ಹಿಡಿದರು. ಹೊಸ ಬಣ್ಣದ ಹಿಂದೆ ಪೂರ್ತಿ ತೇವ.

"ಇಲ್ಲಿದ್ದ ಕಿಟಕಿ ಮುಚ್ಚಿದ್ದಾರೆ, ಗಾಳಿ ಆಡ್ತಿಲ್ಲ. ತೆಗೆಸಿಬಿಡಿ" ಎಂದರು.

ಅಮ್ಮ ಬೆಚ್ಚಿದರು. ನೈರುತ್ಯದಲ್ಲಿ ಕಿಟಕಿ ಇಲ್ಲವೆಂದೇ ಅವರು ಈ ಮನೆಯನ್ನು ಒಪ್ಪಿದ್ದು.

ಮಾಲೀಕರು ತಲೆ ಕೆರೆದುಕೊಂಡರು. "ಹೋದ್ಸಲ ನೋಡಕ್ ಬಂದವ್ರು ವಾಸ್ತು ಸರಿಯಿಲ್ಲ ಅಂದ್ರು, ಮುಚ್ಚಿಸ್ದೆ. ಈಗ ನೀವು ತೆಗ್ಸಿ ಅಂತೀರ. ನಾನು ಮನೆ ಮಾರ್ಲಾ, ಕಿಟಕಿ ಆಟ ಆಡ್ಲಾ ಸಾರ್?"

ತಿಂಗಳ ಕೊನೆಯೊಳಗೆ ಒಪ್ಪದಿದ್ದರೆ ಮನೆ ಬೇರೆಯವರಿಗೆ ಹೋಗುತ್ತದೆ. ಅಮ್ಮನ ಮಾತು ಕೇಳಬೇಕೋ, ಎಂಜಿನಿಯರ್ ಮಾತೋ ತಿಳಿಯುತ್ತಿಲ್ಲ. ಕಿಟಕಿ ತೆಗೆಯದೆ ಆ ಗೋಡೆ ಒಣಗಿಸುವ ದಾರಿ ಇದೆಯೇ? ಬಲ್ಲವರು ದಯವಿಟ್ಟು ಬರೆದು ತಿಳಿಸಿ.