ದಾರಂದದ ಮೇಲಿನ ಗೆರೆ

ನಮ್ಮ ಅಡುಗೆಮನೆ ಬಾಗಿಲಿನ ದಾರಂದದಲ್ಲಿ, ಆ ಚೌಕಟ್ಟಿನ ಎಡಗಡೆ, ಪೆನ್ಸಿಲಿನ ಒಂದು ಗೆರೆ ಇದೆ. ಅದರ ಕೆಳಗೆ ಒದ್ದೆ ಬಟ್ಟೆಯಲ್ಲಿ ಉಜ್ಜಿ ಉಜ್ಜಿ ಬಣ್ಣ ಬಿಳಚಿಕೊಂಡ ಮೂರು ಜಾಗಗಳಿವೆ. ಮಗಳ ಎತ್ತರ ಗುರುತು ಹಾಕಿದ್ದಾ ಎಂದು ಮನೆಗೆ ಬಂದವರು ಕೇಳುತ್ತಾರೆ. ಹೌದು ಎನ್ನುತ್ತೇನೆ. ಅದೂ ಸುಳ್ಳೇ.

ಮಗಳಿಗೆ ಐದು ತುಂಬಿದ ವರ್ಷ ಹಾಲಾಡಿಯ ಅಕ್ಕ ಫೋನಿಗೆ ಒಂದು ವಿಡಿಯೊ ಕಳಿಸಿದ್ದಳು. ಬ್ರಹ್ಮಾವರದ ಆಚೆ ಹೊಸದಾಗಿ ಆದ ಪಾರ್ಕು, ಅದರೊಳಗೆ ಸಣ್ಣ ಮಕ್ಕಳಿಗೆಂದೇ ಮಾಡಿದ ಒಂದು ಕಾಡು. ಸಿಮೆಂಟಿನ ಆನೆ, ಸಿಮೆಂಟಿನ ಮೊಸಳೆ, ನಡುವೆ ಹಳದಿ ಬಣ್ಣದ ಪುಟ್ಟ ರೈಲು. ಆನೆಯ ಹೊಟ್ಟೆಯೊಳಗೆ ಹೊಕ್ಕು ಹಿಂದಿನಿಂದ ಹೊರಬರುವ ಆ ರೈಲನ್ನು ಮಗಳು ನೋಡಿದ್ದೇ ನೋಡಿದ್ದು. ಅಂದಿನಿಂದ ಏಳುವಾಗ, ಉಣ್ಣುವಾಗ, ಮಲಗುವಾಗ ಒಂದೇ ಮಾತು: "ಅಮ್ಮ, ರೈಲಿಗೆ ಹೋಪ."

ಗಂಡ ಪುಣೆಯಲ್ಲಿ ಹೋಟೆಲು ನಡೆಸುವವರು. ವರ್ಷಕ್ಕೆ ಎರಡು ಸಲ ಬಂದು, ಎರಡು ವಾರ ಇದ್ದು, ಅದರಲ್ಲಿ ಒಂದು ವಾರ ನಿದ್ದೆ ಮಾಡಿ ಹೋಗುತ್ತಾರೆ. ಮಗನಿಗೆ ಆಗ ಆರು ತಿಂಗಳು. ನಮ್ಮ ಕಿರಿಮಂಜೇಶ್ವರದಿಂದ ಕೂಸನ್ನು ಸೊಂಟಕ್ಕೆ ಏರಿಸಿಕೊಂಡು, ಇವಳ ಕೈ ಹಿಡಿದು ಬಸ್ಸು ಬದಲಿಸುತ್ತಾ ಅಲ್ಲಿಗೆ ಹೋಗುವ ಉಮೇದು ನನಗಿರಲಿಲ್ಲ. ಸುಸ್ತಾಗಿದೆ ಮಗಾ, ಆಗುವುದಿಲ್ಲ ಎಂದಿದ್ದರೆ ಒಂದು ದಿನ ಅತ್ತು ಸುಮ್ಮನಾಗುತ್ತಿದ್ದಳು. ಆದರೆ ನನಗೆ ಅವಳ ಅಳುವೂ ಬೇಡವಾಗಿತ್ತು. ಅಲ್ಲಿ ಎತ್ತರ ನೋಡಿಯೇ ಒಳಗೆ ಬಿಡುವುದು ಎಂದು ಅಕ್ಕ ಮಾತಿನ ನಡುವೆ ಹೇಳಿದ್ದಳು. ಎಷ್ಟಿರಬೇಕು, ಹೇಗೆ ಎಂದು ನಾನು ಕೇಳಲಿಲ್ಲ. ನನಗೆ ಅಷ್ಟೇ ಸಾಕಾಗಿತ್ತು. ಮಗಳನ್ನು ದಾರಂದಕ್ಕೆ ಒರಗಿಸಿ, ತಲೆಯ ಮೇಲೆ ನಾಲ್ಕು ಬೆರಳು ಬಿಟ್ಟು ಗೆರೆ ಎಳೆದೆ.

"ಈ ಗೆರಿಗ್ ತಲಿ ಮುಟ್ರೆ ಮಾತ್ರ ಅಲ್ಲ್ ಒಳ್ಗ್ ಬಿಡ್ತ್ರ್. ಸಮಾ ಉಣ್ಣ್, ಉದ್ದ ಆತೆ."

ಉಂಡಳು. ಮುಳ್ಳಿಗೆ ಹೆದರಿ ಬಂಗುಡೆ ಮುಟ್ಟದವಳು ಕಣ್ಣು ಮುಚ್ಚಿ ತಿಂದಳು. ಗಂಜಿಯ ತಿಳಿಯನ್ನೂ ಬಿಡದೆ ಕುಡಿದಳು. ಕಿಟಕಿಯ ಸರಳು ಹಿಡಿದು ನೇತಾಡಿದಳು. ಭಾನುವಾರ ಎಣ್ಣೆ ಸ್ನಾನ ಮುಗಿದ ಕೂಡಲೇ ಒದ್ದೆ ತಲೆಯಲ್ಲೇ ಓಡಿ ಹೋಗಿ ದಾರಂದಕ್ಕೆ ನಿಲ್ಲುತ್ತಿದ್ದಳು. ಮೂಗಿಗೆ ತುಪ್ಪ ಸವರುವುದು ಇಷ್ಟು ಸುಲಭ ಎಂದು ನನಗೆ ಗೊತ್ತಿರಲಿಲ್ಲ. ನಿಜ ಹೇಳುತ್ತೇನೆ, ನನಗೆ ಹೆಮ್ಮೆಯಾಗಿತ್ತು.

ಆದರೆ ಮಕ್ಕಳು ಬೆಳೆಯುತ್ತಾರೆ. ಒಂದು ಭಾನುವಾರ ತಲೆಗೂ ಗೆರೆಗೂ ಬೆರಳಿನಷ್ಟೂ ಅಂತರ ಉಳಿದಿರಲಿಲ್ಲ. ಮರುದಿನ ಅವಳು ಶಾಲೆಗೆ ಹೋದಾಗ ಒದ್ದೆ ಬಟ್ಟೆ ತಂದು ಗೆರೆ ಒರೆಸಿದೆ, ಮೂರು ಬೆರಳು ಮೇಲೆ ಇನ್ನೊಂದು ಎಳೆದೆ. ಸಂಜೆ ಬಂದವಳು ನಿಂತು ನೋಡಿದಳು. ನೆತ್ತಿ ಮುಟ್ಟಿಕೊಂಡಳು. ಮತ್ತೆ ನಿಂತಳು.

"ಅಮ್ಮ, ನಾ ಗಿಡ್ಡ ಆದ್ನಾ?"

"ನಿನ್ನೆ ಮೀನ್ ಬಿಟ್ಟಿದ್ದೆ ಅಲ್ದಾ, ಅದ್ಕೇ."

ಹೀಗೆ ಹೇಳಲು ನನ್ನ ನಾಲಿಗೆ ಒಂದಿಷ್ಟೂ ತಡವರಿಸಲಿಲ್ಲ. ಆ ರಾತ್ರಿ ಅವಳು ತನ್ನ ಪಾಲಿನದಲ್ಲದೆ ನನ್ನ ಪಾಲಿನ ಮೀನನ್ನೂ ತಿಂದಳು.

ಘಟ್ಟದ ಮೇಲಿನ ಊರುಗಳಲ್ಲಿ ಹಿಂದೆ ಬಾಗಿಲಿಗೆ 'ನಾಳೆ ಬಾ' ಎಂದು ಬರೆಯುತ್ತಿದ್ದರಂತೆ, ದೆವ್ವ ಅದನ್ನು ಓದಿ ದಿನವೂ ಹಿಂದಿರುಗಿ ಹೋಗಲಿ ಎಂದು. ನಾನು ಅದನ್ನೇ ಹೊಟ್ಟೆಯಲ್ಲಿ ಹುಟ್ಟಿದ ಮಗಳಿಗೆ ಬರೆದಿಟ್ಟಿದ್ದೆ. ಒಟ್ಟು ಮೂರು ಸಲ ಗೆರೆ ಒರೆಸಿದೆ. ಮೂರನೆಯ ಸಲ ಗಂಡನಿಗೆ ಫೋನಿನಲ್ಲಿ ಹೇಳಿ ನಕ್ಕೆ. ಕೈಯಲ್ಲಿ ಹಿಟ್ಟಿತ್ತು, ಫೋನನ್ನು ಸ್ಪೀಕರಿಗೆ ಹಾಕಿದ್ದೆ. ಅವರೂ ನಕ್ಕರು. "ಇನ್ನೂ ಎರಡ್ ಬೆರ್ಳ್ ಮೇಲ್ ಎಳಿ ಮಾರಾಯ್ತಿ, ನಾ ಬಂದ್ ಮೇಲೆ ಹೋಪ." ಮಗಳು ಬಾಗಿಲಾಚೆ ಜಗಲಿಯಲ್ಲಿ ಕೂತು ಕಾಪಿ ಬರೆಯುತ್ತಿದ್ದಳು.

ನಡುವೆ ಬಂದಾಗಲೆಲ್ಲ ಮುಂದಿನ ಸಲ ಎಂದ ಗಂಡ ಈ ವರ್ಷವೂ ಬಂದರು. ಮಗನಿಗೆ ಮೂರು, ಮಗಳು ಎರಡನೇ ಕ್ಲಾಸು. ಇನ್ನು ನೆಪ ಉಳಿದಿರಲಿಲ್ಲ. ಹಳೆ ಕ್ಯಾಲೆಂಡರಿನ ಹಿಂಬದಿಯಲ್ಲಿ ಇಡೀ ದಿನವನ್ನು ಬರೆದೆ. ಏಳಕ್ಕೆ ಮನೆ ಬಿಡುವುದು, ಕುಂದಾಪುರದಲ್ಲಿ ಇಡ್ಲಿ, ಒಂಬತ್ತೂವರೆಗೆ ಗೇಟು, ಹತ್ತಕ್ಕೆ ರೈಲು, ಹನ್ನೊಂದಕ್ಕೆ ನೀರಿನಾಟ, ಒಂದಕ್ಕೆ ಊಟ, ಎರಡಕ್ಕೆ ಮಗನ ನಿದ್ದೆ. ಅವನು ಉಚ್ಚೆಗೆ ಹೋಗುವ ಹೊತ್ತನ್ನೂ ಬಿಟ್ಟಿರಲಿಲ್ಲ. ಮಗಳು ಅದನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿದಳು. ಹೊರಡುವ ಹಿಂದಿನ ದಿನ ಅವಳನ್ನು ದಾರಂದಕ್ಕೆ ನಿಲ್ಲಿಸಿ, ಗೆರೆ ಮುಟ್ಟಿತು ಎಂದು ಚಪ್ಪಾಳೆ ತಟ್ಟಿದೆ. ಅವಳು ಕುಣಿಯಲಿಲ್ಲ.

ಹತ್ತಕ್ಕೆ ಸರಿಯಾಗಿ ರೈಲಿನ ಮುಂದಿದ್ದೆವು. ಅಲ್ಲಿ ಮರದ ಜಿರಾಫೆಯೊಂದು ಕೈ ಅಡ್ಡ ಚಾಚಿ ನಿಂತಿತ್ತು. ಆ ಕೈಯ ಅಡಿಯಲ್ಲಿ ತಲೆ ತಾಗದೆ ದಾಟುವ ಮಕ್ಕಳಿಗೆ ಮಾತ್ರ ರೈಲು. ತಾಗಿದರೆ ಇಲ್ಲ. ಮಗ ಓಡಿ ದಾಟಿದ. ಮಗಳು ಆ ಕೈಯನ್ನು ನೋಡಿದಳು. ಯಾರೂ ಹೇಳಿಕೊಡದೆ ಅವಳಿಗೆ ಅರ್ಥವಾಯಿತು. ಎರಡೂವರೆ ವರ್ಷ ಹಿಮ್ಮಡಿ ಎತ್ತಿ, ಕತ್ತು ನೀಳ ಮಾಡಿ ನಿಂತು ಕಲಿತವಳು ಈಗ ಫ್ರಾಕಿನೊಳಗೆ ಮೆಲ್ಲಗೆ ಮೊಣಕಾಲು ಮಡಚಿದಳು.

"ಸಮಾ ನಿಲ್ಲ್ ಮಗಾ," ಎಂದಳು ರೈಲಿನ ಗೇಟಿನಲ್ಲಿದ್ದ ಹೆಂಗಸು.

ನೆಟ್ಟಗೆ ನಿಂತಳು. ಹಣೆಯ ಮೇಲ್ಭಾಗ ಜಿರಾಫೆಯ ಕೈಗೆ ತಾಗಿತು.

"ಹ್ವಾಯ್, ಒಂದ್ ಮೂರ್ ಬೆರ್ಳ್ ಅಲ್ದಾ, ಬಿಡಿನಿ," ಎಂದರು ಗಂಡ.

"ಆತಿಲ್ಲೆ ಅಣ್ಣ, ಉದ್ದ ಮಕ್ಕಳ ಕಾಲ್ ಒಳ್ಗ್ ಸಿಕ್ಕಂತ್. ಹೋದ್ ವರ್ಷ ಕರ್ಕಂಡ್ ಬಪ್ಪುಕ್ ಆಯ್ಲಿಲ್ಯಾ?"

ಗಂಡ ನನ್ನ ಮುಖ ನೋಡಿದರು. ನಾನು ಕೈಯಲ್ಲಿದ್ದ ಕ್ಯಾಲೆಂಡರಿನ ಹಾಳೆ ನೋಡಿದೆ. ರೈಲು ಹೊರಟಿತು. ಮಗ ಆನೆಯ ಹೊಟ್ಟೆಯೊಳಗೆ ಕತ್ತಲೆ ಕಂಡು ಕಿರುಚಿ ಅತ್ತ, ಇಳಿಸಿ ಇಳಿಸಿ ಎಂದ. ಗಂಡ ಆಚೆ ಬದಿಗೆ ಓಡಿದರು. ನಾನೂ ಮಗಳೂ ಬೇಲಿಯ ಕಂಬಿ ಹಿಡಿದು ನಿಂತಿದ್ದೆವು. ಅವಳು ಅಳಲಿ ಎಂದು ಕಾದೆ. ಅತ್ತರೆ ಐಸ್‌ಕ್ರೀಮ್ ಕೊಡಿಸಿ ಸಮಾಧಾನ ಮಾಡಬಹುದಿತ್ತು. ಅವಳು ಅಳಲಿಲ್ಲ. ಜಿರಾಫೆಯ ಕೈಯನ್ನು ಇನ್ನೊಮ್ಮೆ ನೋಡಿ ನನ್ನ ಕಡೆ ತಿರುಗಿದಳು.

"ಅಮ್ಮ, ಇದ್ನೂ ನೀನೇ ಮಾಡಿದ್ದಾ?"

"ಅಲ್ಲ ಮಗಾ," ಎಂದೆ. ಆ ರೈಲಿನ ವಿಷಯದಲ್ಲಿ ನಾನು ಅವಳಿಗೆ ಹೇಳಿದ ಮೊದಲ ನಿಜ ಅದು. ಅವಳು ನಂಬಲಿಲ್ಲ.