ಮೇಸ್ತ್ರಿ ಮೂಸಿ ಹೇಳಿದ ಆಯಿಲ್

ನನ್ನ ಅಂಗಡಿಗೆ ಬರುವವರೆಲ್ಲ ಕೇಳುವುದು ಒಂದೇ ಪ್ರಶ್ನೆ, ಯಾವ ಆಯಿಲ್ ಹಾಕಬೇಕು? ಹುಲ್ಲು ಕತ್ತರಿಸುವ ಮಷಿನ್ನು, ನೀರೆತ್ತುವ ಸಣ್ಣ ಪಂಪು, ಜನರೇಟರು, ಇವುಗಳ ಬಿಡಿಭಾಗ ಮಾರಿ ಹೊಟ್ಟೆ ಹೊರೆಯುವವನು ನಾನು. ಹೇಳಿ ಹೇಳಿ ನನ್ನ ಬಾಯಿ ಒಣಗಿದೆ. ಕಾರಿನ ಎಂಜಿನ್ನನ್ನು ತಂಪಾಗಿಡಲು ನೀರಿದೆ ಕಣ್ರಪ್ಪಾ, ಇದಕ್ಕಿರುವುದು ಬರೀ ಗಾಳಿ. ಬೇಸಿಗೆಯಲ್ಲಿ ಕಾದು ಕೆಂಡವಾಗುತ್ತದೆ. ಕಾರಿಗೆ ಹಾಕುವ ತೆಳು ಆಯಿಲ್ ಸುರಿದರೆ ಅದು ಉರಿದುಹೋಗಿ ಒಳಗೆ ಮಟ್ಟ ಇಳಿಯುತ್ತದೆ, ಬಿಸಿಲುಗಾಲಕ್ಕೆ ಗಟ್ಟಿ ಆಯಿಲ್ಲೇ ಬೇಕು. ಇಷ್ಟೇ ವಿಷಯ. ಎಲ್ಲವನ್ನೂ ಕೇಳಿ, ಕತ್ತು ಆಡಿಸಿ, ಹೊರಗೆ ಹೋಗಿ ಯಾವುದು ಅಗ್ಗವೋ ಅದನ್ನೇ ಹಾಕುತ್ತಾರೆ. ಮಷಿನ್ನು ಕೆಟ್ಟ ಮೇಲೆ ಬಂದು ನನ್ನ ತಲೆಯ ಮೇಲೆ ಗೂಬೆ ಕೂರಿಸುತ್ತಾರೆ.

ಏನೂ ಕೇಳದೆ ಸರಿಯಾದ ಡಬ್ಬಿಗೆ ಕೈ ಹಾಕುತ್ತಿದ್ದವಳು ಹುಲ್ಲಕ್ಕ ಒಬ್ಬಳೇ. ಆಸ್ಪತ್ರೆಯ ಅಂಗಳ, ಶಾಲೆಯ ಮೈದಾನ, ಸ್ಮಶಾನ, ದೊಡ್ಡ ಮನೆಗಳ ಮುಂದಿನ ತೋಟ, ಎಲ್ಲೆಲ್ಲಿ ಹುಲ್ಲು ಬೆಳೆಯುತ್ತದೋ ಅಲ್ಲೆಲ್ಲ ಮಷಿನ್ನು ತಳ್ಳುವುದು ಅವಳ ಕೆಲಸ. ಕೆಲಸ ಮುಗಿಸಿ ಅಂಗಡಿಯ ಮುಂದಿನ ಬೆಂಚಿನ ಮೇಲೆ ಕೂತರೆ, ಹಿಡಿಕೆಯ ನಡುಕ ಇನ್ನೂ ಕೈಯಿಂದ ಇಳಿದಿರುತ್ತಿರಲಿಲ್ಲ. ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿದರೂ ತುಳುಕುತ್ತಿತ್ತು. ಸೀರೆಯ ಅಂಚಿನಲ್ಲಿ ಹಸಿರು ಕಲೆ, ಕಿವಿಯಲ್ಲಿ ಎಂಜಿನ್ನಿನ ಮೊರೆತ. ನಾನು ಒಂದು ಮಾತು ಹೇಳಿದರೆ ಅವಳಿಗೆ ಕೇಳಿಸುವಷ್ಟರಲ್ಲಿ ನನ್ನ ಸಿಟ್ಟು ನೆತ್ತಿಗೇರಿರುತ್ತಿತ್ತು. ಸುಸ್ತಾಯ್ತಾ ಅಕ್ಕ ಎಂದರೆ, ಹುಲ್ಲಿಗೆ ಸುಸ್ತಾಗಲ್ವಲ್ಲ ಅಣ್ಣ ಎನ್ನುತ್ತಿದ್ದಳು.

ಮೊದಲು ಈ ಕೆಲಸ ಅವಳ ಗಂಡನದು. ಜನ ಅವರನ್ನು ಮೇಸ್ತ್ರಿ ಎಂದೇ ಕರೆಯುವುದು. ನಾಲ್ಕು ಆಳು ಇಟ್ಟುಕೊಂಡು ರಾಜನ ಹಾಗೆ ಮೆರೆದ ಮನುಷ್ಯ. ಶ್ವಾಸಕೋಶ ಕೈಕೊಟ್ಟು, ಮೇಲೆ ಒಂದು ಕೆಟ್ಟ ಜ್ವರ ಬಂದು ಹೋದ ಮೇಲೆ ಕಿಟಕಿಯ ಪಕ್ಕದ ಕುರ್ಚಿಗೆ ಸೇರಿದರು. ಬಚ್ಚಲಿಗೆ ಹೋಗಿ ಬರುವುದರೊಳಗೆ ಏದುಸಿರು.

ಆದರೆ ಆಯಿಲ್ ವಿಷಯದಲ್ಲಿ ಮಾತ್ರ ಅವರ ಮಾತೇ ಮಾತು. ಎಂಜಿನ್ನಿನ ಹಳೆ ಆಯಿಲ್ಲನ್ನು ಬಟ್ಟೆಯ ತುಂಡಿಗೆ ಒರೆಸಿ ಕೊಟ್ಟರೆ ಮೂಗಿಗೆ ಹಿಡಿದು ಹೇಳಿಬಿಡುತ್ತಿದ್ದರು. ಸುಟ್ಟ ವಾಸನೆ ಇದ್ದರೆ ಎಂಜಿನ್ನು ಕಾಯುತ್ತಿದೆ, ಗಟ್ಟಿ ಆಯಿಲ್ ಹಾಕು. ವಾಸನೆ ಇಲ್ಲವೋ, ತೆಳುವೇ ಸಾಕು. ಹಿಂದೆಲ್ಲ ಅವರು ಕಡ್ಡಿ ಮುರಿದ ಹಾಗೆ ಹೇಳುತ್ತಿದ್ದರು, ಹಾಗೇ ಆಗುತ್ತಿತ್ತು. ಆಯಿಲ್ ಬದಲಿಸುವ ದಿನ ಬಂತೆಂದರೆ ಹುಲ್ಲಕ್ಕ ಬಟ್ಟೆ ಹಿಡಿದು ಅವರ ಮುಂದೆ ನಿಲ್ಲುತ್ತಿದ್ದಳು. ಅವರು ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದರು.

ಹೋದ ಬೇಸಿಗೆಯ ಒಂದು ದಿನ ಆ ಬಟ್ಟೆಯ ಮೇಲೆ ಪೆಟ್ರೋಲ್ ಚೆಲ್ಲಿತ್ತು. ಮನೆಯೆಲ್ಲ ಗಬ್ಬುನಾತ, ಪಕ್ಕದ ಮನೆಯವರು ಬಂದು ಇಣುಕಿದರಂತೆ. ಬೇರೆ ಬಟ್ಟೆ ತರುತ್ತೇನೆ ಎಂದು ಹುಲ್ಲಕ್ಕ ಹೇಳುವಷ್ಟರಲ್ಲಿ ಮೇಸ್ತ್ರಿ ಅದನ್ನು ಕಿತ್ತುಕೊಂಡು, ಕಣ್ಣು ಮುಚ್ಚಿ ಮೂಸಿ, ವಾಸನೆಯೇ ಇಲ್ಲ, ತೆಳುವೇ ಸಾಕು ಎಂದರು. ಅವಳಿಗೆ ಆಗಲೇ ಗೊತ್ತಾಯಿತು. ಜ್ವರ ಮೂಗನ್ನೂ ತಿಂದುಹಾಕಿತ್ತು, ಮನುಷ್ಯನಿಗೆ ಅದು ಗೊತ್ತೇ ಇಲ್ಲ.

ಆಗಲಿ ರೀ ಎಂದವಳೇ ನನ್ನ ಅಂಗಡಿಗೆ ಬಂದು ಗಟ್ಟಿ ಆಯಿಲ್ ತೆಗೆದುಕೊಂಡು, ನಡೆದದ್ದನ್ನು ಹೇಳಿ ಹೋದಳು. ಅಂದಿನಿಂದ ಇದೇ ಕಥೆ. ಅವರು ತೆಳು ಎನ್ನುವುದು, ಇವಳು ಗಟ್ಟಿ ಹಾಕುವುದು. ಎಂಜಿನ್ನು ಗುಂಡುಕಲ್ಲಿನ ಹಾಗೆ ಗಟ್ಟಿಮುಟ್ಟಾಗಿತ್ತು, ಹೊಗಳಿಕೆ ಮೇಸ್ತ್ರಿಗೆ.

ಅಷ್ಟಕ್ಕೇ ನಿಂತಿದ್ದರೆ ನನಗೇನು ಗಂಟು ಹೋಗುತ್ತಿತ್ತು? ಮೇಸ್ತ್ರಿಯ ಮನೆಯ ಮಷಿನ್ನು ಕೆಡುವುದೇ ಇಲ್ಲ ಎಂಬ ಸುದ್ದಿ ಹಬ್ಬಿತು. ಹುಲ್ಲು ಕತ್ತರಿಸುವವರು ಒಬ್ಬೊಬ್ಬರೇ ಬಟ್ಟೆ ಹಿಡಿದು ಆ ಕುರ್ಚಿಯ ಮುಂದೆ ನಿಲ್ಲತೊಡಗಿದರು. ಮೇಸ್ತ್ರಿ ಶಾಸ್ತ್ರೋಕ್ತವಾಗಿ ಮೂಸಿ ಎಲ್ಲರಿಗೂ ತೆಳು ಆಯಿಲ್ಲೇ ಹೇಳುವುದು. ಹುಲ್ಲಕ್ಕ ಬೀಳ್ಕೊಡುವ ನೆಪದಲ್ಲಿ ಬಂದವರ ಹಿಂದೆ ಗೇಟಿನವರೆಗೆ ಹೋಗಿ, ನಮ್ಮವರು ಹೇಳಿದ್ದು ನೆರಳಲ್ಲಿ ಓಡುವ ಮಷಿನ್ನಿಗೆ, ನೀವು ಗಟ್ಟಿದೇ ಹಾಕಿ ಎಂದು ಪಿಸುಗುಟ್ಟುವುದು. ಇಡೀ ದಿನ ದುಡಿದು ಬಂದ ಹೆಂಗಸಿಗೆ ಇದೊಂದು ಬಿಟ್ಟಿ ಚಾಕರಿ.

ಕಡೆಗೆ ನಾನು ತಡೆಯಲಾರದೆ ಬೈದೆ. ಈ ನಾಟಕ ಎಲ್ಲಿಯವರೆಗೆ, ಒಂದು ದಿನ ಯಾರದಾದರೂ ಹೊಟ್ಟೆಯ ಮೇಲೆ ಹೊಡೆಯುತ್ತದೆ, ನೋಡುತ್ತಿರು ಎಂದೆ. ಅವಳು ಲೋಟ ಕೆಳಗಿಟ್ಟಳು.

“ಎಲ್ಲಾ ಹೋಯ್ತಲ್ಲ ಅಣ್ಣ ಅವರದ್ದು. ಇದೊಂದು ಉಳಿದಿದೆ. ಇದನ್ನೂ ನನ್ನ ಕೈಯಾರೆ ಕಿತ್ಕೊಳ್ಳಲಾ?”

ನಾನು ಸಿಡುಕಿಕೊಂಡು ಒಳಗೆ ಹೋಗಿ ಡಬ್ಬಿಗಳ ಧೂಳು ಒರೆಸಿದೆ.

ನಾನು ಹೇಳಿದ್ದು ಈ ಬೇಸಿಗೆಯಲ್ಲಿ ನಿಜವಾಯಿತು. ಸ್ಮಶಾನದ ಆಚೆ ಬದಿಯ ಹುಲ್ಲು ಕತ್ತರಿಸುವ ಗಿಡ್ಡಣ್ಣ, ಹುಲ್ಲಕ್ಕ ಮನೆಯಲ್ಲಿಲ್ಲದ ಹೊತ್ತಿನಲ್ಲಿ ಬಟ್ಟೆ ಹಿಡಿದು ಮೇಸ್ತ್ರಿಯ ಹತ್ತಿರ ಹೋಗಿದ್ದಾನೆ. ಗೇಟಿನಲ್ಲಿ ಪಿಸುಗುಟ್ಟುವವರು ಯಾರೂ ಇರಲಿಲ್ಲ. ಕಾರು ರಿಪೇರಿಯವನ ಹತ್ತಿರ ತೆಳು ಆಯಿಲ್ ತಂದು ಸುರಿದಿದ್ದಾನೆ, ಉರಿಬಿಸಿಲಲ್ಲಿ ಮೈದಾನಕ್ಕೆ ಮಷಿನ್ನು ಇಳಿಸಿದ್ದಾನೆ. ಆಯಿಲ್ ಉರಿದು ತಳ ಕಂಡು, ಎಂಜಿನ್ನು ಕಚ್ಚಿಕೊಂಡು ನಿಂತಿದೆ. ಆ ಸಂಜೆ ಅದನ್ನು ತಳ್ಳಿಕೊಂಡು ನನ್ನ ಅಂಗಡಿಗೆ ಬಂದ. ಎಂಜಿನ್ನು ಹೊತ್ತಿಸುವ ಹಗ್ಗ ಎಳೆದು ನೋಡಿದೆ, ಅಲುಗಲಿಲ್ಲ. ಒಳಗಿನ ಸಾಮಾನೆಲ್ಲ ಹೊಸದು ಹಾಕಬೇಕು, ಬಹಳ ದಿನ ಹಿಡಿಯುತ್ತದೆ ಎಂದೆ.

ಹುಲ್ಲಕ್ಕ ಬೆಂಚಿನ ಮೇಲೆಯೇ ಕೂತಿದ್ದಳು. ಗಿಡ್ಡಣ್ಣ ಕೂಗಾಡುತ್ತಾನೆ ಎಂದುಕೊಂಡಿದ್ದೆ. ಅವನು ಅವಳ ಕಡೆ ತಿರುಗಿ ಮೆಲ್ಲಗೆ ಹೇಳಿದ.

“ನಾನೇ ಏನೋ ಎಡವಟ್ಟು ಮಾಡಿರ್ಬೇಕು ಅಕ್ಕ. ಮೇಸ್ತ್ರಿಗೆ ಹೇಳ್ಬೇಡಿ, ನೊಂದ್ಕೋತಾರೆ.”

ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಇದನ್ನು ತಡೆದುಕೊಳ್ಳಲಾಗಲಿಲ್ಲ. ತಪ್ಪು ನಿನ್ನದಲ್ಲ ಕಣಪ್ಪ, ನನ್ನದು ಎಂದು ಎದ್ದಳು. ಒಬ್ಬಳೇ ಹೋಗಿ ಅವರಿಗೆ ಹೇಳಲು ಧೈರ್ಯವಿಲ್ಲ, ಜೊತೆಗೆ ಬಾ ಎಂದು ನನ್ನನ್ನು ಕರೆದಳು. ಗಂಡ ಹೆಂಡತಿ ನಡುವೆ ಹೋಗುವ ಕರ್ಮ ನನಗೆ ಯಾಕೆ ಎಂದು ಗೊಣಗುತ್ತಲೇ ಬಾಗಿಲು ಎಳೆದುಕೊಂಡು ಹೊರಟೆ.

ಮೇಸ್ತ್ರಿ ನನ್ನನ್ನು ನೋಡಿ ಖುಷಿಯಾದರು. ಹುಲ್ಲಕ್ಕ ನೆಲದ ಮೇಲೆ ಕುಸಿದು ಕೂತಳು. ಸುತ್ತಿ ಬಳಸಲಿಲ್ಲ. ಗಿಡ್ಡಣ್ಣನ ಎಂಜಿನ್ನು ಹೋದದ್ದು, ಅದಕ್ಕೆ ಕಾರಣ, ಪೆಟ್ರೋಲ್ ಚೆಲ್ಲಿದ ಬಟ್ಟೆ, ಅಂದಿನಿಂದ ತಾನು ಹಾಕುತ್ತಿರುವ ಆಯಿಲ್, ಎಲ್ಲವನ್ನೂ ನೆಲ ನೋಡುತ್ತ ಹೇಳಿ ಮುಗಿಸಿದಳು. ಮೇಸ್ತ್ರಿಯ ಮುಖ ಸುಣ್ಣವಾಯಿತು. ಮೇಜಿನ ಮೇಲಿದ್ದ ಔಷಧಿಯ ಬಾಟಲಿ ಬಿಚ್ಚಿ ಮೂಗಿಗೆ ಹಿಡಿದರು. ತಿರುಗಿ ಮುಚ್ಚಿದರು.

“ಎಲ್ಲಾ ಗೊತ್ತಿದ್ದೂ ನನ್ನ ಹತ್ರ ಯಾಕೆ ಬಂದು ಕೇಳ್ತಿದ್ದೆ?”

“ಇನ್ನೇನಿದೆ ರೀ ನಮ್ಮಿಬ್ಬರಿಗೆ ಮಾತಾಡೋಕೆ?” ಅವಳ ದನಿ ಒಡೆಯಿತು. “ಸಾಕಾಗಿದೆ ನನಗೆ. ತಳ್ಳೋದಕ್ಕಲ್ಲ, ಈ ಸುಳ್ಳಿಗೆ.”

ನಾನು ಎದ್ದುಬಿಡಲೇ ಎಂದುಕೊಂಡೆ. ಮೇಸ್ತ್ರಿ ಉಸಿರು ಕೂಡಿಸಿಕೊಂಡರು. ಆಮೇಲೆ ನನ್ನ ಕಡೆ ನೋಡದೆ ಅವಳಿಗೇ ಹೇಳಿದರು.

“ಜ್ವರ ಬಿಟ್ಟಾಗಿಂದ ನಿನ್ನ ಅಡುಗೆ ನನಗೆ ಮಣ್ಣು ತಿಂದ ಹಾಗಿದೆ ಕಣೇ. ಕೆಟ್ಟಿದ್ದು ನನ್ನ ಮೂಗು ಅಂತ ಗೊತ್ತಾಗ್ಲಿಲ್ಲ. ದುಡಿದು ಸುಸ್ತಾಗಿ ಬರ್ತಾಳೆ, ಉಪ್ಪು ಹುಳಿ ನೋಡೋಕೆ ಅವಳಲ್ಲಿ ಜೀವ ಎಲ್ಲಿದೆ ಅಂತ ಸುಮ್ಮನೆ ತಿಂದೆ. ಚೆನ್ನಾಗಿದೆ ಅಂತಾನೂ ಹೇಳ್ದೆ.”

ಹುಲ್ಲಕ್ಕ ತಲೆಯೆತ್ತಿದಳು. ದಿನಾ ಚೆನ್ನಾಗಿದೆ ಎನ್ನುತ್ತಿದ್ದಿರಲ್ಲ ಎಂದಳು. ಹೂಂ, ದಿನಾ ಎಂದರು. ಅವಳು ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು.

ಮೇಸ್ತ್ರಿ ನನಗೆ ಹೇಳಿದ್ದು ಎರಡೇ ವಿಷಯ. ಗಿಡ್ಡಣ್ಣನ ಮಷಿನ್ನು ರಿಪೇರಿಯಾಗುವವರೆಗೆ ಅವನು ತಮ್ಮ ಮಷಿನ್ನನ್ನೇ ತೆಗೆದುಕೊಂಡು ಹೋಗಲಿ, ಮೂಸಿಸಲು ಇನ್ನು ಯಾರೂ ಬರದ ಹಾಗೆ ನೋಡಿಕೋ. ಮಷಿನ್ನು ಕೊಟ್ಟರೆ ನಾನೇನು ಮಾಡಲಿ ಎಂದು ಹುಲ್ಲಕ್ಕ ಕಣ್ಣೊರೆಸಿಕೊಳ್ಳುತ್ತ ಕೇಳಿದಳು.

“ಮಲಗು,” ಎಂದರು ಮೇಸ್ತ್ರಿ. “ಎದ್ದ ಮೇಲೆ ಇಲ್ಲಿ ಬಂದು ಕೂತ್ಕೋ. ಏನೂ ಕೇಳ್ಬೇಡ, ಸುಮ್ಮನೆ ಕೂತ್ಕೋ.”